ಇಲಿಗೆ ಕಂಡಿದ್ದು ನಿಜ, ಕಂಡಿದ್ದು ಯಾರ ಕೋಶದಿಂದ?

2012ರ ಏಪ್ರಿಲ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪ್ರಯೋಗದ ವರದಿ ಬಂತು. ಮಬ್ಬು ಬೆಳಕಿನಲ್ಲಿ ಏನೂ ಕಾಣದ ಇಲಿಗಳ ಕಣ್ಣಿಗೆ ಬೇರೆ ಇಲಿಮರಿಗಳ ಬೆಳಕು ಗ್ರಹಿಸುವ ಕೋಶಗಳನ್ನು ಕಸಿ ಮಾಡಿದ್ದರು. ಕೆಲವು ವಾರಗಳ ನಂತರ ಆ ಇಲಿಗಳಲ್ಲಿ ಕೆಲವಕ್ಕೆ ಮಬ್ಬಿನಲ್ಲೂ ದಾರಿ ಕಾಣತೊಡಗಿತು. ಕೆಲಸ ಮಾಡಿದ್ದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ರಾಬಿನ್ ಅಲಿ ಮತ್ತು ರೇಚಲ್ ಪಿಯರ್ಸನ್ ಅವರ ತಂಡ. ಕುರುಡುತನಕ್ಕೆ ಕೋಶ ಕಸಿ ಎಂಬ ಸುದ್ದಿ ಜಗತ್ತಿಗೆಲ್ಲ ಹರಡಿತು.

ನಾಲ್ಕು ವರ್ಷ ಕಳೆಯಿತು. 2016ರಲ್ಲಿ ಅದೇ ತಂಡ ಇನ್ನೊಂದು ವರದಿ ಬರೆಯಿತು. ಇಲಿಗೆ ಕಂಡಿದ್ದು ನಿಜ, ಆದರೆ ಕಾಣಿಸಿದ್ದು ಬಹುಪಾಲು ನಾವು ಹಾಕಿದ ಕೋಶಗಳಲ್ಲ ಎಂಬುದು ಅದರ ತಾತ್ಪರ್ಯ.

ಇಲ್ಲಿ ಅಧ್ಯಯನಕ್ಕೆ ತೆಗೆದುಕೊಂಡಿರುವುದು ಇದೇ ಪ್ರಕರಣವನ್ನು. ರೆಟಿನೈಟಿಸ್ ಪಿಗ್ಮೆಂಟೋಸಾ ಇರುವವರ ಮನೆಗಳಲ್ಲಿ ಇಂಥ ಸುದ್ದಿಯನ್ನು ಎಷ್ಟು ಆಸೆಯಿಂದ ಓದುತ್ತಾರೆ ಅಂತ ಗೊತ್ತಿದ್ದವರಿಗೆ ಇದು ಸಣ್ಣ ವಿಷಯವಲ್ಲ. ಸುಮಾರು 4,000 ಜನರಲ್ಲಿ ಒಬ್ಬರಿಗೆ ಬರುವ ಕಾಯಿಲೆ ಅದು. ಮೊದಲು ಇರುಳುಗಣ್ಣು, ಆಮೇಲೆ ಅಂಚಿನಿಂದ ಒಳಕ್ಕೆ ಕಿರಿದಾಗುತ್ತಾ ಬರುವ ನೋಟ. ಅವರಿಗೆ ‘ಇಲಿಗೆ ದೃಷ್ಟಿ ಮರಳಿತು’ ಎಂಬ ಒಂದು ಸಾಲು ಸಾಲದು. ಹೇಗೆ ಮರಳಿತು ಎನ್ನುವುದರ ಮೇಲೆ, ಅದು ಅವರ ಕಣ್ಣಿಗೆ ಅನ್ವಯಿಸುತ್ತದೋ ಇಲ್ಲವೋ ಎನ್ನುವುದು ನಿಂತಿದೆ.

ಹಾಳಾಗುವುದು ಯಾವುದು, ಉಳಿಯುವುದು ಯಾವುದು

ಕಣ್ಣಿನ ಹಿಂಬದಿಯ ರೆಟಿನಾದಲ್ಲಿ ಬೆಳಕು ಹಿಡಿಯುವ ಕೋಶಗಳು ಎರಡು ಬಗೆ. ಮಬ್ಬು ಬೆಳಕಿಗೆ ರಾಡ್ ಕೋಶಗಳು. ಮನುಷ್ಯರ ಒಂದು ಕಣ್ಣಿನಲ್ಲಿ ಇವು ಸುಮಾರು 12 ಕೋಟಿ. ಹಗಲು, ಬಣ್ಣ, ಸೂಕ್ಷ್ಮ ವಿವರಕ್ಕೆ ಕೋನ್ ಕೋಶಗಳು, ಸುಮಾರು 60 ಲಕ್ಷ. ಇವು ಹಿಡಿದ ಸಂಕೇತವನ್ನು ಬೈಪೋಲಾರ್ ಕೋಶಗಳು ಪಡೆದು ಗ್ಯಾಂಗ್ಲಿಯನ್ ಕೋಶಗಳಿಗೆ ದಾಟಿಸುತ್ತವೆ. ಅಲ್ಲಿಂದ ಅದು ದೃಷ್ಟಿ ನರದ ಮೂಲಕ ಮಿದುಳಿಗೆ ಹೋಗುತ್ತದೆ.

ರೆಟಿನೈಟಿಸ್ ಪಿಗ್ಮೆಂಟೋಸಾದಲ್ಲಿ ಸಾಯುವುದು ಮುಖ್ಯವಾಗಿ ಮೊದಲ ಸಾಲು, ಅಂದರೆ ರಾಡ್ ಮತ್ತು ಕೋನ್‌ಗಳು. ಹಿಂದಿನ ಸಾಲುಗಳು ತುಂಬ ವರ್ಷ ಬದುಕಿರುತ್ತವೆ, ಸ್ವಲ್ಪ ಅಸ್ತವ್ಯಸ್ತವಾದರೂ. ಮೀನಿನ ರೆಟಿನಾ ಹಾಳಾದರೆ ಮತ್ತೆ ಬೆಳೆಯುತ್ತದೆ. ಸಸ್ತನಿಗಳಲ್ಲಿ ಹಾಗಾಗುವುದಿಲ್ಲ. ಸತ್ತ ರಾಡ್, ಕೋನ್ ಮತ್ತೆ ಹುಟ್ಟುವುದಿಲ್ಲ. ಹಾಗಿದ್ದರೆ ಮೊದಲ ಸಾಲನ್ನು ಮಾತ್ರ ಹೊಸದಾಗಿ ಹಾಕಿದರೆ ಸಾಕಲ್ವಾ? ಮೂಲ ಯೋಚನೆ ಇಷ್ಟು ಸರಳ. ಹೊಸ ಕೋಶ ಒಂದೇ ಒಂದು ಕೊಂಡಿ ಹಾಕಿಕೊಂಡರೆ ಸಾಕು, ಮುಂದಿನ ದಾರಿ ಆಗಲೇ ಇದೆ. ಮಿದುಳಿನ ಬೇರೆ ಭಾಗಗಳಿಗೆ ಹೋಲಿಸಿದರೆ ನರಕೋಶ ಕಸಿಗೆ ಇಷ್ಟು ಅನುಕೂಲವಾದ ಜಾಗ ಸಿಗುವುದು ಅಪರೂಪ.

ಹಸಿರು ಕೋಶಗಳು

ಈ ಯೋಚನೆಗೆ ಜೀವ ಬಂದದ್ದು 2006ರಲ್ಲಿ. ಅದಕ್ಕೂ ಮುಂಚೆ ಸ್ಟೆಮ್ ಸೆಲ್‌ಗಳನ್ನು, ಅಂದರೆ ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಎಳೆ ಕೋಶಗಳನ್ನು, ರೆಟಿನಾಕ್ಕೆ ಹಾಕಿ ನೋಡಿದ್ದರು. ಅವು ಬದುಕಿದರೂ ರಾಡ್ ಆಗುತ್ತಿರಲಿಲ್ಲ, ಸರಿಯಾದ ಜಾಗದಲ್ಲಿ ಕೂರುತ್ತಿರಲಿಲ್ಲ. ರಾಬರ್ಟ್ ಮ್ಯಾಕ್ಲಾರೆನ್ ಮತ್ತು ರೇಚಲ್ ಪಿಯರ್ಸನ್, ರಾಬಿನ್ ಅಲಿ ಅವರ ಜತೆ ಬೇರೆ ದಾರಿ ಹಿಡಿದರು. ಏನು ಬೇಕಾದರೂ ಆಗಬಲ್ಲ ಎಳೆ ಕೋಶವೂ ಬೇಡ, ಪೂರ್ತಿ ಬಲಿತದ್ದೂ ಬೇಡ. ವಿಭಜನೆ ಮುಗಿಸಿ, ಇನ್ನು ರಾಡ್ ಆಗುವುದೇ ಸೈ ಅಂತ ನಿರ್ಧಾರವಾದ, ಆದರೆ ಇನ್ನೂ ಬೆಳೆಯುತ್ತಿರುವ ಕೋಶ ಬೇಕು. ಇಲಿಗಳಲ್ಲಿ ಅದು ಸಿಗುವುದು ಹುಟ್ಟಿದ ಮೊದಲ ವಾರದಲ್ಲಿ.

ಆ ಕೋಶಗಳನ್ನು ಗುರುತಿಸುವುದು ಹೇಗೆ? ಇಲ್ಲಿ ನೆರವಾದದ್ದು ಅಮೆರಿಕದ ವಿಜ್ಞಾನಿ ಆನಂದ್ ಸ್ವರೂಪ್ ಅವರ ಕೆಲಸ. ಎನ್‌ಆರ್‌ಎಲ್ ಎಂಬ ಜೀನ್ ಚಾಲೂ ಆದರೆ ಎಳೆ ಕೋಶ ರಾಡ್ ಆಗುತ್ತದೆ. ಆ ಜೀನ್‌ನ ಸ್ವಿಚ್ಚಿಗೆ ಜಿಎಫ್‌ಪಿ ಎಂಬ ಹಸಿರಾಗಿ ಹೊಳೆಯುವ ಪ್ರೋಟೀನನ್ನು ಜೋಡಿಸಿದ ಇಲಿತಳಿ ಅವರ ಬಳಿ ಇತ್ತು. ಆ ಇಲಿಗಳಲ್ಲಿ ರಾಡ್‌ಗಳು ಮಾತ್ರ ಹಸಿರು. ಹಸಿರು ಕೋಶಗಳನ್ನು ಇನ್ನೊಂದು ಇಲಿಯ ರೆಟಿನಾದ ಅಡಿಗೆ ಚುಚ್ಚಿ ಹಾಕಿ, ಕೆಲವು ವಾರ ಬಿಟ್ಟು ಆ ಕಣ್ಣನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ರಾಡ್‌ಗಳ ಪದರದಲ್ಲಿ, ಇರಬೇಕಾದ ಜಾಗದಲ್ಲೇ, ಹಸಿರು ಕೋಶಗಳು ನಿಂತಿದ್ದವು. ಆಕಾರವೂ ರಾಡ್‌ನದೇ. ಒಂದು ತುದಿಯಲ್ಲಿ ಬೆಳಕು ಹಿಡಿಯುವ ಕಡ್ಡಿ, ಇನ್ನೊಂದು ತುದಿಯಲ್ಲಿ ಬೈಪೋಲಾರ್ ಕೋಶಕ್ಕೆ ತಾಗುವ ಗುಂಡು.

ಈ ಚಿತ್ರ ನೋಡಿದವರೆಲ್ಲ ಒಂದೇ ತೀರ್ಮಾನಕ್ಕೆ ಬಂದರು. ಹಸಿರಾಗಿದ್ದರೆ ಹೊರಗಿನಿಂದ ಬಂದದ್ದು. ಮುಂದಿನ ಹತ್ತು ವರ್ಷದ ಕೆಲಸವೆಲ್ಲ ಈ ಲೆಕ್ಕದ ಮೇಲೆಯೇ ನಡೆಯಿತು.

2012ರ ಪ್ರಯೋಗ

ಕೋಶಗಳು ಕೂತವು, ಸರಿ. ಅವು ಕೆಲಸ ಮಾಡುತ್ತವಾ? ಅದನ್ನು ತೋರಿಸಲು ತಂಡ ಆರಿಸಿಕೊಂಡದ್ದು ಗ್ನಾಟ್-1 ಜೀನ್ ಇಲ್ಲದ ಇಲಿ. ಈ ಆಯ್ಕೆಯ ಬಗ್ಗೆ ಸ್ವಲ್ಪ ನಿಂತು ಹೇಳಲೇಬೇಕು, ಯಾಕೆಂದರೆ ಇಡೀ ಪ್ರಕರಣದ ಗಂಟು ಇಲ್ಲೇ ಇದೆ.

ರಾಡ್‌ಗೆ ಬೆಳಕು ಬಿದ್ದಾಗ ಒಳಗೆ ಒಂದರ ಹಿಂದೆ ಒಂದು ಹೆಜ್ಜೆ ನಡೆಯುತ್ತದೆ. ರೊಡಾಪ್ಸಿನ್ ಎಂಬ ಪ್ರೋಟೀನು ಬೆಳಕಿನ ಕಣವನ್ನು ಹೀರುತ್ತದೆ. ಅದು ಟ್ರಾನ್ಸ್‌ಡ್ಯೂಸಿನ್ ಎಂಬ ಇನ್ನೊಂದನ್ನು ಎಬ್ಬಿಸುತ್ತದೆ. ಟ್ರಾನ್ಸ್‌ಡ್ಯೂಸಿನ್ ಎಬ್ಬಿಸಿದ ಕಿಣ್ವ ಒಂದು ಪುಟ್ಟ ಸಂದೇಶ ಅಣುವನ್ನು ಒಡೆದು ಹಾಕುತ್ತದೆ. ಆ ಅಣು ಕಡಿಮೆಯಾದಾಗ ಕೋಶದ ಗೋಡೆಯ ಬಾಗಿಲುಗಳು ಮುಚ್ಚುತ್ತವೆ, ವಿದ್ಯುತ್ ಸಂಕೇತ ಬದಲಾಗುತ್ತದೆ. ಗ್ನಾಟ್-1 ಜೀನ್ ರಾಡ್‌ನ ಟ್ರಾನ್ಸ್‌ಡ್ಯೂಸಿನ್‌ನ ಮುಖ್ಯ ತುಂಡನ್ನು ತಯಾರಿಸುತ್ತದೆ. ಅದಿಲ್ಲದಿದ್ದರೆ ಎರಡನೇ ಹೆಜ್ಜೆಯಲ್ಲೇ ಎಲ್ಲ ನಿಂತುಹೋಗುತ್ತದೆ. ರಾಡ್ ಬೆಳಕು ಹೀರುತ್ತದೆ, ಯಾರಿಗೂ ಹೇಳುವುದಿಲ್ಲ.

ಇಂಥ ಇಲಿಗೆ ಹಗಲಲ್ಲಿ ಕೋನ್‌ಗಳಿಂದ ಕಾಣುತ್ತದೆ. ಮಬ್ಬಿನಲ್ಲಿ ಕಾಣುವುದಿಲ್ಲ. ಪ್ರಯೋಗಕ್ಕೆ ಇದು ಬಹಳ ಒಳ್ಳೆಯ ಮಾದರಿ. ಮಬ್ಬಿನಲ್ಲಿ ಏನಾದರೂ ಕಂಡರೆ ಅದು ಹೊಸ ರಾಡ್‌ಗಳಿಂದಲೇ ಎಂದು ಹೇಳಬಹುದು. ರೆಟಿನಾ ಶಿಥಿಲವಾಗಿಲ್ಲದ್ದರಿಂದ ಕಸಿಯೂ ಸುಲಭ.

ಆದರೆ ಗಮನಿಸಿ. ಈ ಇಲಿಯ ಕಣ್ಣಿನಲ್ಲಿ ಅದರದೇ ರಾಡ್‌ಗಳು ಹೆಚ್ಚುಕಡಿಮೆ ಎಲ್ಲವೂ ಇದ್ದವು. ತಂತಿ ಎಳೆದು, ಬಲ್ಬು ಹಾಕಿ, ಒಂದು ಫ್ಯೂಸ್ ಮಾತ್ರ ಹಾಕದೆ ಬಿಟ್ಟ ಮನೆಯ ಹಾಗೆ.

ತಂಡ ಪ್ರತಿ ಕಣ್ಣಿಗೆ ಹಾಕುವ ಕೋಶಗಳನ್ನು, ಹಾಕುವ ವಿಧಾನವನ್ನು ಸುಧಾರಿಸಿತು. ಮೊದಲು ಒಂದು ಕಣ್ಣಿನಲ್ಲಿ ಕೆಲವು ನೂರು, ಹೆಚ್ಚೆಂದರೆ ಸಾವಿರದಷ್ಟು ಹಸಿರು ಕೋಶ ಕೂರುತ್ತಿದ್ದವು. ಈಗ ಅದು 26,000ದವರೆಗೂ ಹೋಯಿತು. ಕೋಶಗಳು ಬೆಳಕಿಗೆ ಸ್ಪಂದಿಸಿದವು. ಮಿದುಳಿನ ದೃಷ್ಟಿ ಕೇಂದ್ರದವರೆಗೆ ಸಂಕೇತ ಮುಟ್ಟಿತು.

ಕೊನೆಗೆ ನೀರಿನ ಪರೀಕ್ಷೆ. ತೊಟ್ಟಿಯ ಒಂದು ಕಡೆ ಎರಡು ಆಯ್ಕೆ. ಒಂದರ ಪರದೆಯ ಮೇಲೆ ಪಟ್ಟೆಗಳು. ಪಟ್ಟೆ ಇರುವ ಕಡೆ ನೀರಿನ ಅಡಿಯಲ್ಲಿ ಕಣ್ಣಿಗೆ ಬೀಳದ ಒಂದು ಮಣೆ. ಇಲಿಗೆ ಈಜುವುದು ಇಷ್ಟವಿಲ್ಲ, ಬೇಗ ಮಣೆ ಹತ್ತಬೇಕು. ಪಟ್ಟೆ ಕಂಡರೆ ನೇರ ಅಲ್ಲಿಗೇ ಹೋಗುತ್ತದೆ. ಕಾಣದಿದ್ದರೆ ಅತ್ತ ಇತ್ತ ತಡಕಾಡುತ್ತದೆ. ಮಬ್ಬು ಬೆಳಕಿನಲ್ಲಿ, ಕಸಿ ಮಾಡಿಸಿಕೊಂಡ ಒಂಬತ್ತು ಇಲಿಗಳಲ್ಲಿ ನಾಲ್ಕು ಪದೇ ಪದೇ ಸರಿಯಾದ ಕಡೆಗೇ ಹೋದವು. ಕಸಿ ಆಗದವು ಹೋಗಲಿಲ್ಲ. ಉಳಿದ ಐದು ಇಲಿಗಳ ಫಲಿತಾಂಶವನ್ನೂ ತಂಡ ಮುಚ್ಚಿಡದೆ ಬರೆದಿತ್ತು, ಅದನ್ನು ಇಲ್ಲಿ ಹೇಳಬೇಕು.

ಹಸಿರು ಎಲ್ಲಿಂದ ಬಂತು

ಅನುಮಾನ ಹುಟ್ಟಲು ಕಾರಣಗಳಿದ್ದವು. ಕೂತ ಕೋಶಗಳ ಸಂಖ್ಯೆ, ಕಸಿ ಪಡೆಯುವ ಇಲಿಯ ಕಾಯಿಲೆಗೆ ತಕ್ಕಂತೆ ವಿಪರೀತ ಬದಲಾಗುತ್ತಿತ್ತು. ಇನ್ನೊಂದು ವಿಷಯ, ಚುಚ್ಚಿ ಹಾಕಿದ ಕೋಶಗಳಲ್ಲಿ ಬಹುಪಾಲು ರೆಟಿನಾದ ಅಡಿಯಲ್ಲೇ ಗುಂಪಾಗಿ ಉಳಿಯುತ್ತಿದ್ದವು. ಪದರದೊಳಗೆ ಕಾಣುತ್ತಿದ್ದ ಹಸಿರು ಕೋಶಗಳು ಆ ಗುಂಪಿನ ಹತ್ತಿರದಲ್ಲೇ ಜಾಸ್ತಿ. ಗುಂಪಿನಿಂದ ಪದರದೊಳಕ್ಕೆ ಕೋಶಗಳು ನಡೆದು ಹೋಗಿವೆ ಅಂತ ಎಲ್ಲರೂ ಭಾವಿಸಿದ್ದರು. ಎರಡು ಕೋಶ ಬೆಸೆದುಕೊಂಡಿರಬಹುದೇ ಎಂಬ ಪ್ರಶ್ನೆಯನ್ನು ಮೊದಲೇ ಕೇಳಿಕೊಂಡಿದ್ದರು. ಬೆಸೆದಿದ್ದರೆ ಒಂದು ಕೋಶದಲ್ಲಿ ಎರಡು ನ್ಯೂಕ್ಲಿಯಸ್ ಸಿಗಬೇಕು. ಸಿಗಲಿಲ್ಲ. ಅಲ್ಲಿಗೆ ಆ ಪ್ರಶ್ನೆ ತಣ್ಣಗಾಯಿತು.

2016ರಲ್ಲಿ ಬೇರೆ ಬೇರೆ ತಂಡಗಳು ಬೇರೆ ಬೇರೆ ದಾರಿಯಿಂದ ಒಂದೇ ಜಾಗಕ್ಕೆ ಬಂದು ಮುಟ್ಟಿದವು. ಲಂಡನ್ ತಂಡ, ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಮಾರಿಯಸ್ ಆಡರ್ ಅವರ ತಂಡ, ಮನದೀಪ್ ಸಿಂಗ್ ಮತ್ತು ರಾಬರ್ಟ್ ಮ್ಯಾಕ್ಲಾರೆನ್ ಅವರ ತಂಡ, ಈ ಮೂರೂ ಅದೇ ವರ್ಷ ‘ನೇಚರ್ ಕಮ್ಯುನಿಕೇಶನ್ಸ್’ನಲ್ಲಿ ಬರೆದವು. ಮ್ಯಾಕ್ಲಾರೆನ್ 2006ರ ವರದಿಯ ಮೊದಲ ಲೇಖಕ ಎನ್ನುವುದು ನೆನಪಿರಲಿ. ಟೊರಾಂಟೊದಲ್ಲಿ ವ್ಯಾಲರಿ ವ್ಯಾಲೇಸ್ ಅವರ ತಂಡವೂ ಅದೇ ತೀರ್ಮಾನಕ್ಕೆ ಬಂತು.

ಇವುಗಳಲ್ಲಿ ನನಗೆ ತುಂಬ ಹಿಡಿಸಿದ್ದು ವೈ ಕ್ರೋಮೋಸೋಮಿನ ಪರೀಕ್ಷೆ. ಗಂಡು ಇಲಿಮರಿಯ ಹಸಿರು ಕೋಶಗಳನ್ನು ಹೆಣ್ಣು ಇಲಿಯ ಕಣ್ಣಿಗೆ ಹಾಕುತ್ತಾರೆ. ವೈ ಕ್ರೋಮೋಸೋಮ್ ಇರುವುದು ಗಂಡಿನ ಕೋಶದಲ್ಲಿ ಮಾತ್ರ. ಪದರದೊಳಗೆ ಹಸಿರಾಗಿ ಹೊಳೆಯುವ ಕೋಶ ನಿಜವಾಗಿಯೂ ದಾನಿಯದಾಗಿದ್ದರೆ ಅದರ ನ್ಯೂಕ್ಲಿಯಸ್‌ನಲ್ಲಿ ವೈ ಸಿಗಲೇಬೇಕು. ನೋಡಿದರೆ, ಹಸಿರು ಕೋಶಗಳಲ್ಲಿ ಹೆಚ್ಚಿನವಕ್ಕೆ ವೈ ಇರಲೇ ಇಲ್ಲ. ಅವು ಹೆಣ್ಣು ಇಲಿಯ ಸ್ವಂತ ರಾಡ್‌ಗಳು. ರೆಟಿನಾದ ಅಡಿಯಲ್ಲಿ ಗುಂಪಾಗಿ ಉಳಿದ ಕೋಶಗಳಲ್ಲಿ ಮಾತ್ರ ವೈ ಸರಿಯಾಗಿಯೇ ಸಿಕ್ಕಿತು. ಅಂದರೆ ಪರೀಕ್ಷೆಯಲ್ಲಿ ದೋಷವಿಲ್ಲ.

ಬಣ್ಣದ ಪರೀಕ್ಷೆಯೂ ಅದನ್ನೇ ಹೇಳಿತು. ಹಸಿರು ಕೋಶಗಳನ್ನು ಕೆಂಪಾಗಿ ಹೊಳೆಯುವ ಇಲಿಯ ಕಣ್ಣಿಗೆ ಹಾಕಿದರು. ದಾನಿಯ ಕೋಶ ಬರೀ ಹಸಿರಾಗಿರಬೇಕಿತ್ತು. ಪದರದೊಳಗಿನ ಹಸಿರು ಕೋಶಗಳಲ್ಲಿ ಹೆಚ್ಚಿನವು ಕೆಂಪೂ ಆಗಿದ್ದವು.

ಹಾಗಾದರೆ ನಡೆದದ್ದು ಇಷ್ಟು. ಹಾಕಿದ ಕೋಶಗಳು ಅಡಿಯಲ್ಲೇ ಉಳಿದವು. ಅಲ್ಲಿಂದ ಪಕ್ಕದ ರಾಡ್‌ಗಳಿಗೆ ಪ್ರೋಟೀನುಗಳನ್ನು ದಾಟಿಸಿದವು. ಹಸಿರು ಪ್ರೋಟೀನಿನ ಜತೆಗೆ ಟ್ರಾನ್ಸ್‌ಡ್ಯೂಸಿನ್ ಕೂಡ ದಾಟಿತು. ಸುಮ್ನೆ ಕೂತಿದ್ದ ಆ ಇಲಿಯ ಸ್ವಂತ ರಾಡ್‌ಗಳಿಗೆ ಎರಡನೇ ಹೆಜ್ಜೆ ಸಿಕ್ಕಿತು, ಅವು ಕೆಲಸ ಶುರು ಮಾಡಿದವು. ಬೈಪೋಲಾರ್ ಕೋಶಗಳ ಜತೆ ಅಷ್ಟು ಚೆಂದದ ಕೊಂಡಿ ಇದ್ದದ್ದು ಯಾಕೆ ಅಂತ ಈಗ ಅರ್ಥವಾಗುತ್ತದೆ. ಆ ಕೊಂಡಿಗಳು ಮೊದಲಿನಿಂದಲೂ ಅಲ್ಲೇ ಇದ್ದವು.

ದಾಟುವುದು ಹೇಗೆ ಎಂಬ ಬಗ್ಗೆ ಮೊದಲು ಒಮ್ಮತವಿರಲಿಲ್ಲ. ಸತ್ತ ಕೋಶಗಳಿಂದ ಸೋರಿದ ಪ್ರೋಟೀನನ್ನು ಪಕ್ಕದವು ಹೀರಿಕೊಂಡಿವೆ ಎನ್ನುವುದು ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಸಿಂಗ್ ಅವರ ತಂಡ ಕೋಶದ್ರವಗಳು ಬೆಸೆಯುತ್ತವೆ ಎಂದು ಹೇಳಿತು. 2021ರಲ್ಲಿ ಎರಡು ತಂಡಗಳು ಇನ್ನೂ ಹತ್ತಿರದಿಂದ ನೋಡಿ, ರಾಡ್‌ಗಳ ನಡುವೆ ತೀರಾ ತೆಳುವಾದ ನಾಳದಂಥ ಎಳೆಗಳು ಚಾಚಿಕೊಳ್ಳುತ್ತವೆ, ಅವುಗಳ ಮೂಲಕ ಪ್ರೋಟೀನುಗಳು ಓಡಾಡುತ್ತವೆ ಎಂದು ತೋರಿಸಿದವು. ಬೆಳೆದ ನರಕೋಶಗಳು ಹೀಗೆ ಒಳಗಿನ ಸಾಮಾನನ್ನು ಹಂಚಿಕೊಳ್ಳುತ್ತವೆ ಎನ್ನುವುದೇ ಒಂದು ಹೊಸ ಜೀವಶಾಸ್ತ್ರ. ಕಸಿಯ ಲೆಕ್ಕ ತಪ್ಪಿದ್ದರಿಂದಲೇ ಅದು ಸಿಕ್ಕಿತು.

ಹಾಗಾದರೆ 2012ರದ್ದು ಸುಳ್ಳಾ?

ಅಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಇಲಿ ಈಜಿದ್ದು, ಪಟ್ಟೆ ಗುರುತಿಸಿದ್ದು, ಮಿದುಳಿಗೆ ಸಂಕೇತ ಮುಟ್ಟಿದ್ದು, ಯಾವುದೂ ಬದಲಾಗಲಿಲ್ಲ. ಬದಲಾದದ್ದು ವಿವರಣೆ. 26,000 ಹೊಸ ಕೋಶ ಎಂಬ ಲೆಕ್ಕ ಹೋಯಿತು. ಅದರ ಜಾಗಕ್ಕೆ, ಅಷ್ಟು ಹಳೆಯ ಕೋಶಗಳಿಗೆ ಹೊಸ ಪ್ರೋಟೀನು ಸಿಕ್ಕಿತು ಎಂಬ ಲೆಕ್ಕ ಬಂತು. ಇದನ್ನು ಬೇರೆ ಯಾರೋ ಬಂದು ಬಯಲು ಮಾಡುವವರೆಗೆ ಕಾಯದೆ, ಮೊದಲು ಬರೆದವರೇ ಹುಡುಕಿ ಬರೆದರು. ವರ್ಷಗಟ್ಟಲೆ ಕಟ್ಟಿದ ಮಾತನ್ನು ಸ್ವತಃ ಕೆದಕುವುದು ಸುಲಭದ ಕೆಲಸವಲ್ಲ. ಅದಕ್ಕಾಗಿ ಅವರ ಮೇಲೆ ನನಗೆ ಗೌರವ ಹೆಚ್ಚಾಯಿತು.

ಆದರೆ ರೋಗಿಯ ಕಡೆಯಿಂದ ನೋಡಿದರೆ ಈ ಬದಲಾವಣೆ ದೊಡ್ಡದು. ಕೋಶ ಬದುಕಿದೆ, ಒಂದು ಪ್ರೋಟೀನು ಮಾತ್ರ ಇಲ್ಲ ಎಂಬ ಸ್ಥಿತಿ ಇದ್ದವರಿಗೆ ಈ ದಾಟಿಸುವ ಗುಣ ಒಂದು ಔಷಧವೇ ಆಗಬಹುದು. ಅದೇ ಕೆಲಸಕ್ಕೆ ಜೀನ್ ಚಿಕಿತ್ಸೆಯೂ ಇದೆ. ಆರ್‌ಪಿಇ65 ಜೀನ್ ಕೆಟ್ಟವರಿಗಾಗಿ ಮಾಡಿದ ಲಕ್ಸ್‌ಟರ್ನಾಗೆ ಅಮೆರಿಕದಲ್ಲಿ 2017ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿದೆ. ಅದಕ್ಕೂ ಬದುಕಿರುವ ಕೋಶಗಳು ಬೇಕೇ ಬೇಕು.

ರಾಡ್, ಕೋನ್ ಎರಡೂ ಸತ್ತುಹೋದವರ ಗತಿ ಏನು? ಕಸಿಯ ಕನಸು ಶುರುವಾದದ್ದೇ ಅವರಿಗಾಗಿ. ಪಡೆಯುವ ಕೋಶವೇ ಇಲ್ಲದಿದ್ದರೆ ಪ್ರೋಟೀನು ದಾಟಿಸಿ ಏನು ಪ್ರಯೋಜನ? ಅವರಿಗೆ ಹೊಸ ಕೋಶವೇ ಬೇಕು, ಅದು ತಾನೇ ಕೊಂಡಿ ಹಾಕಿಕೊಳ್ಳಬೇಕು. 2012ರ ಪ್ರಯೋಗ ಇದನ್ನು ಸಾಬೀತು ಮಾಡಿದೆ ಅಂತ ಎಲ್ಲರೂ ಅಂದುಕೊಂಡಿದ್ದರು. ಮಾಡಿರಲಿಲ್ಲ.

ಬರಿದಾದ ರೆಟಿನಾದಲ್ಲಿ

ಅದೃಷ್ಟಕ್ಕೆ ಆ ಹೊತ್ತಿಗೆ ಇನ್ನೊಂದು ದಾರಿಯೂ ತೆರೆದಿತ್ತು. 2013ರಲ್ಲಿ ಸಿಂಗ್ ಮತ್ತು ಮ್ಯಾಕ್ಲಾರೆನ್ ಆರ್‌ಡಿ1 ಎಂಬ ಇಲಿಗಳಿಗೆ ಕಸಿ ಮಾಡಿದ್ದರು. ಈ ಇಲಿಗಳಲ್ಲಿ ರಾಡ್‌ಗಳು ಹುಟ್ಟಿದ ಕೆಲವೇ ವಾರಗಳಲ್ಲಿ ಸಾಯುತ್ತವೆ, ಪದರವೇ ಮಾಯವಾಗುತ್ತದೆ. ಹಾಕಿದ ಕೋಶಗಳು ಅಲ್ಲಿ ಹೊಸ ಪದರವೊಂದನ್ನು ಕಟ್ಟಿದವು. ಬೆಳಕಿಗೆ ಸ್ಪಂದನೆ ಒಂದಷ್ಟು ಮರಳಿತು. ರಾಡ್‌ಗಳೇ ಉಳಿಯದ ಕಣ್ಣಾದ್ದರಿಂದ ಇದನ್ನು ಪ್ರೋಟೀನು ದಾಟಿದ್ದರಿಂದ ಅಂತ ತಳ್ಳಿಹಾಕುವುದು ಕಷ್ಟ.

ಇನ್ನೊಂದು ತೊಡಕು ಕೋಶದ ಮೂಲ. ಇಲಿಮರಿಯ ಮೊದಲ ವಾರಕ್ಕೆ ಸಮನಾದ ಹಂತ ಮನುಷ್ಯರಲ್ಲಿ ಬರುವುದು ಗರ್ಭದೊಳಗೆ. ಅಲ್ಲಿಂದ ತೆಗೆದು ಚಿಕಿತ್ಸೆ ಮಾಡುವ ಮಾತು ದೂರ. ಇಲ್ಲಿ ದಾರಿ ತೋರಿಸಿದ್ದು ಜಪಾನಿನ ಯೋಶಿಕಿ ಸಸಾಯ್. 2011ರಲ್ಲಿ ಅವರ ತಂಡ ಇಲಿಯ ಸ್ಟೆಮ್ ಸೆಲ್‌ಗಳಿಂದ, 2012ರಲ್ಲಿ ಮನುಷ್ಯರ ಸ್ಟೆಮ್ ಸೆಲ್‌ಗಳಿಂದ, ಪ್ರಯೋಗಾಲಯದ ಬಟ್ಟಲಲ್ಲೇ ಕಣ್ಣಿನ ಎಳೆ ರೂಪವನ್ನು ಬೆಳೆಸಿತು. ಕೋಶಗಳು ತಾವಾಗಿಯೇ ಬಟ್ಟಲಿನಂತೆ ಮಡಚಿ ರೆಟಿನಾದ ಪದರಗಳನ್ನು ಕಟ್ಟಿಕೊಂಡವು. ಇಂದು ಕಸಿಗೆ ಬಳಸುವ ಮನುಷ್ಯರ ರಾಡ್, ಕೋನ್‌ಗಳು ತಿಂಗಳುಗಟ್ಟಲೆ ಹೀಗೆ ಬೆಳೆದವೇ.

2021ರಲ್ಲಿ ರಾಬಿನ್ ಅಲಿ ಅವರ ತಂಡ ಮತ್ತೆ ಬಂತು. ಈ ಸಲ ಹೀಗೆ ಬೆಳೆಸಿದ ಮನುಷ್ಯರ ಕೋನ್‌ಗಳನ್ನು ಸೋಸಿ, ಬಹಳ ಮುಂದುವರಿದ ಹಂತದ ಆರ್‌ಡಿ1 ಇಲಿಗಳಿಗೆ ಹಾಕಿದರು. ಕೋನ್‌ಗಳು ಬದುಕಿದವು, ಬೆಳಕು ಹಿಡಿಯುವ ಕಡ್ಡಿಯನ್ನು ಚಿಗುರಿಸಿದವು. ಇಲಿಯ ಬೈಪೋಲಾರ್ ಕೋಶಗಳೂ ತಮ್ಮ ಕವಲುಗಳನ್ನು ಹೊಸ ಕೋಶಗಳ ಕಡೆಗೆ ಮತ್ತೆ ಹೊಂದಿಸಿಕೊಂಡವು. ಗ್ಯಾಂಗ್ಲಿಯನ್ ಕೋಶಗಳಲ್ಲಿ ಬೆಳಕಿನ ಸಂಕೇತ ಸಿಕ್ಕಿತು, ಬೆಳಕಿಗೆ ಇಲಿಗಳ ವರ್ತನೆಯೂ ಸುಧಾರಿಸಿತು. ಪ್ರೋಟೀನು ದಾಟಿದ್ದರಿಂದಲೋ, ಉಳಿದ ಕೋಶಗಳು ಚೇತರಿಸಿಕೊಂಡದ್ದರಿಂದಲೋ ಹೀಗಾಗಿಲ್ಲ ಎಂದು ತೋರಿಸಲು ಬಿಗಿಯಾದ ಹೋಲಿಕೆಗಳನ್ನು ಇಟ್ಟಿದ್ದರು. 2016ರ ಪಾಠವಿಲ್ಲದಿದ್ದರೆ ಆ ಹೋಲಿಕೆಗಳು ಇರುತ್ತಲೇ ಇರಲಿಲ್ಲ. 2023ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೇವಿಡ್ ಗ್ಯಾಮ್ ಅವರ ತಂಡ, ಬಟ್ಟಲಲ್ಲಿ ಬೆಳೆಸಿದ ಮನುಷ್ಯರ ರೆಟಿನಾ ಕೋಶಗಳನ್ನು ಬಿಡಿಸಿ ಹಾಕಿದರೂ ಅವು ಮತ್ತೆ ಕೊಂಡಿ ಬೆಸೆಯಬಲ್ಲವು ಎಂದು ತೋರಿಸಿತು.

ಮನುಷ್ಯರ ಕಣ್ಣಿಗೆ

ಜಪಾನಿನ ಕೋಬೆಯಲ್ಲಿ 2020ರಿಂದ ಶುರುಮಾಡಿ ರೆಟಿನೈಟಿಸ್ ಪಿಗ್ಮೆಂಟೋಸಾದ ಇಬ್ಬರಿಗೆ, ಸ್ಟೆಮ್ ಸೆಲ್‌ಗಳಿಂದ ಬೆಳೆಸಿದ ರೆಟಿನಾದ ಪುಟ್ಟ ಹಾಳೆಗಳನ್ನು ಕಸಿ ಮಾಡಿದರು. ಎರಡು ವರ್ಷದ ವರದಿ 2023ರಲ್ಲಿ ಬಂತು. ಹಾಳೆಗಳು ಉಳಿದಿದ್ದವು, ಗಂಭೀರ ತೊಂದರೆ ಆಗಿರಲಿಲ್ಲ. ದೃಷ್ಟಿ ಎದ್ದು ಕಾಣುವಷ್ಟು ಮರಳಲಿಲ್ಲ. ಅಮೆರಿಕದಲ್ಲಿ ಬ್ಲೂರಾಕ್ ಕಂಪನಿ ಒಪಿಸಿಟಿ-001 ಎಂಬ ಹೆಸರಿನಲ್ಲಿ ಸ್ಟೆಮ್ ಸೆಲ್ ಮೂಲದ ಬೆಳಕು ಗ್ರಹಿಸುವ ಕೋಶಗಳ ಮೊದಲ ಹಂತದ ಪರೀಕ್ಷೆ ನಡೆಸುತ್ತಿದೆ. ಮೊದಲ ಹಂತ ಅಂದರೆ ಮುಖ್ಯವಾಗಿ ಸುರಕ್ಷತೆ ನೋಡುವುದು.

ಇದೇ ಮಾತಿನ ನೆರಳಲ್ಲಿ ಆದ ಅನಾಹುತವನ್ನೂ ಹೇಳದೆ ಇರಲಾರೆ. 2015ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ, ವಯಸ್ಸಿನ ಕಾರಣ ದೃಷ್ಟಿ ಕಡಿಮೆಯಾಗುತ್ತಿದ್ದ ಮೂವರು ಮಹಿಳೆಯರಿಗೆ ಅವರದೇ ಕೊಬ್ಬಿನಿಂದ ತೆಗೆದ ‘ಸ್ಟೆಮ್ ಸೆಲ್’ ಅಂತ ಒಂದೇ ದಿನ ಎರಡೂ ಕಣ್ಣಿಗೆ ಚುಚ್ಚಿದರು. ಅದಕ್ಕೆ ತಲಾ 5,000 ಡಾಲರ್ ತೆಗೆದುಕೊಂಡಿದ್ದರು. ಮೂವರಿಗೂ ಇದ್ದ ದೃಷ್ಟಿಯಲ್ಲಿ ಬಹುಪಾಲು ಹೋಯಿತು. ಕೊಬ್ಬಿನ ಕೋಶ ರಾಡ್ ಆಗುತ್ತದೆ ಎಂಬುದಕ್ಕೆ ಆಧಾರವಿರಲಿಲ್ಲ. ಚುಚ್ಚಿದ್ದೂ ರೆಟಿನಾದ ಅಡಿಗಲ್ಲ, ಕಣ್ಣಿನ ನಡುವಿನ ಲೋಳೆಗೆ. ಎರಡೂ ಕಣ್ಣಿಗೆ ಒಂದೇ ದಿನ ಕೈ ಹಾಕುವುದು, ಪ್ರಯೋಗಕ್ಕೆ ಹಣ ಕೇಳುವುದು, ಇವೆರಡರಲ್ಲಿ ಒಂದು ಕಂಡರೂ ಅಲ್ಲಿಂದ ಎದ್ದು ಬರಬೇಕು.

ಮುಂದೆ ಮನುಷ್ಯರ ಫಲಿತಾಂಶ ಬಂದಾಗ ಈ ಪ್ರಕರಣದ ಪ್ರಶ್ನೆಯೇ ಮತ್ತೆ ಬರುತ್ತದೆ. ರೋಗಿಯ ಕಣ್ಣನ್ನು ಕೊಯ್ದು ವೈ ಕ್ರೋಮೋಸೋಮ್ ಹುಡುಕಲು ಆಗುವುದಿಲ್ಲ. ಹಾಗಾಗಿ ಬೇರೆ ದಾರಿ ಬೇಕು. ಕಸಿಗೆ ಮುಂಚೆ ರೆಟಿನಾದ ಯಾವ ಚುಕ್ಕೆಯಲ್ಲಿ ಬೆಳಕು ಒಂದಿಷ್ಟೂ ತಿಳಿಯುತ್ತಿರಲಿಲ್ಲವೋ, ಸ್ಕ್ಯಾನಿನಲ್ಲಿ ರಾಡ್, ಕೋನ್ ಪದರ ಪೂರ್ತಿ ಇಲ್ಲವಾಗಿತ್ತೋ, ಅಂಥ ಚುಕ್ಕೆಯನ್ನು ಮೊದಲೇ ಗುರುತು ಹಾಕಿಕೊಳ್ಳಬೇಕು. ಕಸಿಯಾದ ಮೇಲೆ ಸರಿಯಾಗಿ ಅದೇ ಚುಕ್ಕೆಗೆ ಬೆಳಕು ಬಿಟ್ಟು ನೋಡಬೇಕು. ಪಕ್ಕದಲ್ಲಿ ಕಂಡರೆ ಅದು ಉಳಿದ ಕೋಶಗಳು ಚೇತರಿಸಿಕೊಂಡದ್ದಿರಬಹುದು. ಆ ರೋಗಿಗೆ ಅದೂ ಲಾಭವೇ, ಆದರೆ ಕೋಶಗಳೆಲ್ಲ ಹೋದವರಿಗೆ ಅದರಿಂದ ಭರವಸೆ ಸಿಗುವುದಿಲ್ಲ. ಆ ಚುಕ್ಕೆಯಲ್ಲೇ ಕಂಡರೆ ಮಾತ್ರ ಹೊಸ ಕೋಶ ಕಂಡಿದೆ ಎಂದು ಹೇಳಬಹುದು.